ಎಲುಬು ಗಟ್ಟಿ, ಕೈ ಮಾತ್ರ ಏಳದು

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಬಸ್ಸು, ಟ್ರ್ಯಾಕ್ಟರ್, ಮೋಟರ್ ಸೈಕಲ್ಲಿನಲ್ಲೂ ಬರುತ್ತಾರೆ. ಮೋಟರ್ ಸೈಕಲ್ ಜಾರಿದರೆ ಹೆಗಲು ನೆಲಕ್ಕೆ ಬಡಿಯುತ್ತದೆ. ತಲೆ ಒಂದು ಕಡೆ, ಹೆಗಲು ಒಂದು ಕಡೆ ಜಗ್ಗುತ್ತದೆ. ಎಲುಬು ಮುರಿಯದಿದ್ದರೂ ಕೈ ಜೋತು ಬೀಳಬಹುದು. ಯಾಕೆ? ಈ ಮಾತುಕತೆ ಓದಿರಿ.

ತಾಯಿ: ಅಕ್ಕಾ, ಮಗ ಗಾಡಿ ಮ್ಯಾಲಿಂದ ಬಿದ್ದು ತಿಂಗಳಾತು. ಕೈ ಮ್ಯಾಲ ಏಳವಲ್ದು.

ಆಶಾ ಕಾರ್ಯಕರ್ತೆ: ಎಕ್ಸರೇ ತೆಗಿಸೀರೇನ್ರಿ?

ತಾಯಿ: ಹೂಂ. ಎಲುಬು ಮುರದಿಲ್ಲ ಅಂದ್ರು. ಎಣ್ಣಿ ತಿಕ್ಕಾಕತ್ತೀವಿ. ತಾನ ಬರತೈತಿ ಅಂತ ಕುಂತೀವಿ.

ಆಶಾ ಕಾರ್ಯಕರ್ತೆ: ನರಕ್ಕ ಪೆಟ್ಟು ಬಿದ್ದಿರಬೇಕವ್ವ. ಎಕ್ಸರೇದಾಗ ನರ ಕಾಣಂಗಿಲ್ಲ. ನಾಳೆನ ದವಾಖಾನಿಗೆ ಕರಕೊಂಡು ಹೋಗ್ರಿ.

ತಾಯಿ: ಜ್ವಾಳದ ಸುಗ್ಗಿ ಐತಿ. ಮುಗದ ಮ್ಯಾಲ ಹೋದ್ರ ಆಗಂಗಿಲ್ಲೇನು?

ಆಶಾ ಕಾರ್ಯಕರ್ತೆ: ಸುಗ್ಗಿ ಮುಂದಿನ ವರ್ಷನೂ ಬರತೈತಿ. ಕೈ ಹಂಗಲ್ಲ. ಅದಕ್ಕ ದಿನದ ಲೆಕ್ಕ ಐತಿ.

ನರ ಎಂದರೇನು?

ಕೈಮೇಲೆ ನೀಲಿಯಾಗಿ ಕಾಣುವುದನ್ನು ನಾವು ನರ ಎನ್ನುತ್ತೇವೆ. ಅದು ರಕ್ತನಾಳ. ನಿಜವಾದ ನರ ಒಳಗಿರುತ್ತದೆ. ಅದು ಬಿಳಿ ದಾರದ ಹಾಗೆ ಇರುತ್ತದೆ. ಮಿದುಳಿನ ಅಪ್ಪಣೆಯನ್ನು ಕೈಗೆ ಒಯ್ಯುತ್ತದೆ. ಬಿಸಿ, ತಂಪು, ನೋವಿನ ಸುದ್ದಿಯನ್ನು ಮಿದುಳಿಗೆ ತರುತ್ತದೆ.

ಬಾವಿಯ ಪಂಪಸೆಟ್ ನೋಡಿರಿ. ಮೋಟರ್ ಚಲೋ ಇದೆ. ಆದರೆ ವೈರ್ ಹರಿದಿದೆ. ಮೋಟರ್ ತಿರುಗುವುದಿಲ್ಲ. ಸ್ನಾಯು ಮೋಟರ್ ಇದ್ದ ಹಾಗೆ. ನರ ವೈರ್ ಇದ್ದ ಹಾಗೆ.

ಪ್ರತಿ ಕೈಗೆ ಕುತ್ತಿಗೆಯಿಂದ 5 ನರದ ಬೇರು ಹೊರಡುತ್ತವೆ. ಅವು ಜಡೆಯ ಹಾಗೆ ಹೆಣೆದುಕೊಂಡು ಕಂಕುಳಿನ ಮೂಲಕ ಕೈಗೆ ಇಳಿಯುತ್ತವೆ.

ಪೆಟ್ಟು ಹೇಗೆ ಬೀಳುತ್ತದೆ?

1. ಗಾಡಿಯಿಂದ, ಮರದಿಂದ ಬಿದ್ದಾಗ ಕುತ್ತಿಗೆಯ ನರ ಜಗ್ಗಿ ಹರಿಯಬಹುದು.
2. ತೋಳಿನ ಎಲುಬು ಮುರಿದಾಗ ಅದರ ಪಕ್ಕದ ನರಕ್ಕೆ ಪೆಟ್ಟಾಗಬಹುದು. ಆಗ ಮಣಿಕಟ್ಟು ಕೆಳಗೆ ಜೋಲುತ್ತದೆ.
3. ದಬ್ಬೆ ಇಟ್ಟು ಬಹಳ ಬಿಗಿಯಾಗಿ ಕಟ್ಟಿದರೆ ನರ ಒತ್ತಿಹೋಗುತ್ತದೆ. ಬೆರಳು ಬಾತು, ನೀಲಿಯಾಗಿ, ಜೋಮು ಹಿಡಿದರೆ ಕೂಡಲೇ ಕಟ್ಟು ಸಡಿಲಿಸಿರಿ. ದವಾಖಾನೆಗೆ ಹೋಗಿರಿ.
4. ಕುಡುಗೋಲು, ಗಾಜು ತಗುಲಿ ನರ ಕತ್ತರಿಸಬಹುದು. ಅದನ್ನು ಆದಷ್ಟು ಬೇಗ ಹೊಲಿಸಬೇಕು.
5. ಹೆರಿಗೆಯಲ್ಲಿ ಕೂಸಿನ ಹೆಗಲು ಸಿಕ್ಕಿಕೊಂಡರೆ ನರ ಜಗ್ಗಬಹುದು. ಇದು ತಾಯಿಯ ತಪ್ಪಲ್ಲ. ಹೆಚ್ಚಿನ ಕೂಸುಗಳ ಕೈ ಸರಿ ಹೋಗುತ್ತದೆ. ಆದರೂ ಮೊದಲಿನಿಂದಲೇ ವೈದ್ಯರಿಗೆ ತೋರಿಸಿರಿ. 3 ತಿಂಗಳಾದರೂ ಕೂಸು ಮೊಣಕೈ ಮಡಚದಿದ್ದರೆ ತಜ್ಞರಿಗೆ ತೋರಿಸಲೇಬೇಕು.
6. ಕುಷ್ಠರೋಗದಿಂದಲೂ ಮೊಣಕೈ ಹತ್ತಿರದ ನರ ಕೆಡುತ್ತದೆ. ಕಿರುಬೆರಳು, ಉಂಗುರ ಬೆರಳು ಮಡಚಿಕೊಳ್ಳುತ್ತವೆ. ಈ ರೋಗಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ರೋಗ ವಾಸಿಯಾಗುತ್ತದೆ. ನಾಚಿಕೆ ಬೇಡ.

ದಿನದ ಲೆಕ್ಕ

ಬರೀ ಒತ್ತಿದ ನರ ಕೆಲವು ವಾರಗಳಲ್ಲಿ ತಾನೇ ಚೇತರಿಸಿಕೊಳ್ಳಬಹುದು. ಒಳಗಿನ ಎಳೆ ಹರಿದು ಹೊರಗಿನ ಕವಚ ಉಳಿದಿದ್ದರೆ ನರ ಮತ್ತೆ ಬೆಳೆಯುತ್ತದೆ. ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಪೂರ್ತಿ ಹರಿದ ನರ ತಾನಾಗಿ ಕೂಡುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು.

ಇಳಕಲ್ ಸೀರೆ ನೇಯುವವರು ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ವೈದ್ಯರೂ ಹಾಗೆಯೇ ಎಳೆ ಕೂಡಿಸುತ್ತಾರೆ. ಕಾಲಿನಿಂದ ನರದ ತುಂಡು ತೆಗೆದು ನಡುವೆ ಹಾಕುತ್ತಾರೆ. ಇಲ್ಲವೇ ಚಲೋ ಇರುವ ನರದ ಕೆಲವು ಎಳೆಗಳನ್ನು ಕೆಟ್ಟ ನರಕ್ಕೆ ಜೋಡಿಸುತ್ತಾರೆ. ಮೊಣಕೈ ಮಡಚಲು ಇಂಥ ಒಂದು ವಿಧಾನವನ್ನು ಫ್ರಾನ್ಸ್ ದೇಶದ ವೈದ್ಯ ಓಬರ್ಲಿನ್ 1994ರಲ್ಲಿ ತಿಳಿಸಿದರು.

ಆದರೆ ಸ್ನಾಯು ಬಹಳ ದಿನ ಕಾಯುವುದಿಲ್ಲ. ನರದ ಅಪ್ಪಣೆ ಬಾರದಿದ್ದರೆ ಒಂದರಿಂದ ಒಂದೂವರೆ ವರ್ಷದಲ್ಲಿ ಒಣಗಿಹೋಗುತ್ತದೆ. ಆಮೇಲೆ ನರ ಬಂದರೂ ಕೈ ಏಳದು.

ಲೆಕ್ಕ ನೋಡಿರಿ:
ನರ ತಿಂಗಳಿಗೆ ಬೆಳೆಯುವುದು = 3 ಸೆಂ.ಮೀ.
ಬೆಳೆಯಬೇಕಾದ ದಾರಿ = 18 ಸೆಂ.ಮೀ.
ಬೇಕಾದ ಸಮಯ = 6 ತಿಂಗಳು.
3ನೇ ತಿಂಗಳಲ್ಲಿ ನರ ಕೂಡಿಸಿದರೆ: 3 + 6 = 9 ತಿಂಗಳು. ಸ್ನಾಯು ಕಾಯುತ್ತಿರುತ್ತದೆ.
12ನೇ ತಿಂಗಳಲ್ಲಿ ಕೂಡಿಸಿದರೆ: 12 + 6 = 18 ತಿಂಗಳು. ಹೊತ್ತು ಮೀರಿತು.

ಅದಕ್ಕೇ ದೊಡ್ಡ ಪೆಟ್ಟಿಗೆ 3ರಿಂದ 6 ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು ಎನ್ನುತ್ತಾರೆ.

ಏನು ಮಾಡಬೇಕು?

ಅಪಘಾತವಾದರೆ 108ಕ್ಕೆ ಫೋನ್ ಮಾಡಿರಿ. ಬಿದ್ದವರ ಕೈ ಜಗ್ಗಬೇಡಿರಿ. ಬಟ್ಟೆಯ ಜೋಳಿಗೆಯಲ್ಲಿ ಕೈ ಇಳಿಬಿಡಿರಿ. ಕೈ ಏಳದಿದ್ದರೆ, ಜೋಮು ಹಿಡಿದರೆ ವೈದ್ಯರಿಗೆ ಬಿಡಿಸಿ ಹೇಳಿರಿ. ಬಾದಾಮಿ ತಾಲೂಕು ಆಸ್ಪತ್ರೆಯಿಂದ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಚೀಟಿ ಕೇಳಿರಿ. 3–4 ವಾರದ ನಂತರ ನರಕ್ಕೆ ಸಣ್ಣ ಕರೆಂಟು ಕೊಟ್ಟು ಪರೀಕ್ಷೆ ಮಾಡುತ್ತಾರೆ. ನರ ಕೂಡಿಸುವ ಕೆಲಸ ಬೆಂಗಳೂರಿನ ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಗಳಲ್ಲಿ ಆಗುತ್ತದೆ.

ನರ ಬೆಳೆಯುವ ತನಕ ಕೀಲು ಬಿಗಿಯಬಾರದು. ವೈದ್ಯರು ತೋರಿಸಿದ ಹಾಗೆ, ಇನ್ನೊಂದು ಕೈಯಿಂದ ಹಿಡಿದು ಹೆಗಲು, ಮೊಣಕೈ, ಬೆರಳುಗಳನ್ನು ದಿನಾಲು ಆಡಿಸಿರಿ. ಜೋಮು ಹಿಡಿದ ಕೈಗೆ ಬಿಸಿ ತಿಳಿಯುವುದಿಲ್ಲ. ರೊಟ್ಟಿಯ ಹಂಚು, ಬಿಸಿ ನೀರಿನಿಂದ ದೂರ ಇಡಿರಿ. ಶಾಖ ಕೊಡಬೇಡಿರಿ. ಕೈ ಉರಿಯುತ್ತದೆ ಎಂದರೆ ಅದು ಗಾಳಿ ಸೋಕಿದ್ದಲ್ಲ, ನರದ ನೋವು. ಅದಕ್ಕೂ ಗುಳಿಗೆ ಇದೆ.

ಹೊತ್ತು ಮೀರಿದವರೂ ಕೈ ಚೆಲ್ಲಬೇಡಿರಿ. ಚಲೋ ಇರುವ ಸ್ನಾಯುವಿನ ಕಂಡರವನ್ನು ಬೇರೆ ಕಡೆ ಜೋಡಿಸಿ ಮಣಿಕಟ್ಟು, ಬೆರಳು ಏಳುವ ಹಾಗೆ ಮಾಡಬಹುದು. ಪೂರ್ತಿ ಗುಣವಾಗದಿದ್ದರೂ ದುಡಿಯುವಷ್ಟು ಕೈ ಬಂದರೆ ಅದೇ ದೊಡ್ಡದು.

ಹೊಸ ಪದಗಳು: ನರ, ರಕ್ತನಾಳ, ಸ್ನಾಯು, ಕಂಡರ, ಶಸ್ತ್ರಚಿಕಿತ್ಸೆ

ಉತ್ತರ ಬರೆಯಿರಿ
1. ಎಕ್ಸರೇಯಲ್ಲಿ ನರ ಕಾಣುತ್ತದೆಯೇ?
2. ನರ 12 ಸೆಂ.ಮೀ. ಬೆಳೆಯಲು ಎಷ್ಟು ತಿಂಗಳು ಬೇಕು?
3. ಜೋಮು ಹಿಡಿದ ಕೈಗೆ ಶಾಖ ಯಾಕೆ ಕೊಡಬಾರದು?
4. ನಿಮ್ಮ ಓಣಿಯಲ್ಲಿ ಕೈ ಏಳದವರು ಇದ್ದಾರೆಯೇ? ಅವರಿಗೆ ಈ ಪಾಠ ಓದಿ ಹೇಳಿರಿ.