ಹಾರ್ಮೋನಿಯಂ ಮನೆಗಳಲ್ಲಿ ವೃತ್ತ ಮತ್ತು ತ್ರಿಭುಜ: ಒಂದು ಬೋಧನಾಭ್ಯಾಸದ ಅನುಭವ

ಹಿನ್ನೆಲೆ

ಹಾಸನದ ನಮ್ಮ ಬಿ.ಇಡಿ. ಕಾಲೇಜಿನಿಂದ ಬೋಧನಾಭ್ಯಾಸಕ್ಕೆ ನನ್ನನ್ನು ಹೊಳೆನರಸೀಪುರ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ನಿಯೋಜಿಸಿದ್ದರು. ನನ್ನ ಪಾಲಿಗೆ ಬಂದದ್ದು 9ನೇ ತರಗತಿಯ ‘ವೃತ್ತಗಳು’ ಘಟಕ. ಒಂದು ಕಂಸವು ಕೇಂದ್ರದಲ್ಲಿ ಉಂಟುಮಾಡುವ ಕೋನ, ಪರಿಧಿಯ ಉಳಿದ ಭಾಗದಲ್ಲಿ ಉಂಟುಮಾಡುವ ಕೋನದ ಎರಡರಷ್ಟು ಎಂಬ ಪ್ರಮೇಯವನ್ನು ಮಕ್ಕಳು ಬಾಯಿಪಾಠವಾಗಿ ಹೇಳುತ್ತಿದ್ದರು. ಬಳಸಿ ತೋರಿಸಿ ಎಂದರೆ ಸುಮ್ಮನಾಗುತ್ತಿದ್ದರು. ಶಾಲೆಯಲ್ಲಿ ಪ್ರಾರ್ಥನೆಗೆಂದು ಒಂದು ಹಾರ್ಮೋನಿಯಂ ಇತ್ತು. ಅದನ್ನೇ ಬೋಧನೋಪಕರಣವಾಗಿ ಮಾಡಿಕೊಂಡೆ.

ಮೊದಲ ದಿನದ ಪಾಠ

ಷಡ್ಜದಿಂದ ಮೇಲಿನ ಷಡ್ಜದವರೆಗೆ ಹಾರ್ಮೋನಿಯಂನಲ್ಲಿ ಕಪ್ಪು, ಬಿಳಿ ಸೇರಿ 12 ಮನೆಗಳನ್ನು ದಾಟುತ್ತೇವೆ. ಮೇಲಿನ ಷಡ್ಜವೂ ಷಡ್ಜವೇ ಆದ್ದರಿಂದ ಅವನ್ನು ಗಡಿಯಾರದಂತೆ ವೃತ್ತದಲ್ಲಿ ಜೋಡಿಸಬಹುದು. ಒಂದು ಮನೆಗೆ 30°.

ಒಂದೇ ಕಾಲಕ್ಕೆ ನುಡಿಸುವ ಸ್ವರಗಳ ಗುಂಪೇ ಸ್ವರಗುಚ್ಛ, ಅಂದರೆ ಕಾರ್ಡ್. ಷಡ್ಜ, ಅಂತರ ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ಒತ್ತಿದರೆ ಮೇಜರ್ ಕಾರ್ಡ್ ಸಿಗುತ್ತದೆ. ಗಡಿಯಾರದಲ್ಲಿ ಇವು 0, 4, 7ನೇ ಸ್ಥಾನಗಳು. ಈ ಬಿಂದುಗಳನ್ನು ಸೇರಿಸಿದರೆ ವೃತ್ತದೊಳಗೆ ಒಂದು ತ್ರಿಭುಜ. ಅದರ ಬಾಹುಗಳು ವೃತ್ತದ ಜ್ಯಾಗಳು. ಜ್ಯಾ ಎಂದರೆ ಬಿಲ್ಲಿನ ಹೆದೆ. ಇಂಗ್ಲಿಷಿನಲ್ಲಿ ಜ್ಯಾಗೂ ಸ್ವರಗುಚ್ಛಕ್ಕೂ ಕಾರ್ಡ್ ಎಂಬ ಒಂದೇ ಹೆಸರು ಎಂದಾಗ ಮಕ್ಕಳು ನಕ್ಕರು.

ಕಂಸಗಳು 4, 3, 5 ಮನೆಗಳು. ಕೇಂದ್ರದಲ್ಲಿ 120°, 90°, 150°. ಪ್ರಮೇಯದಂತೆ ಅರ್ಧ ಮಾಡಿದರೆ ತ್ರಿಭುಜದ ಕೋನಗಳು ಪಂಚಮದಲ್ಲಿ 60°, ಷಡ್ಜದಲ್ಲಿ 45°, ಗಾಂಧಾರದಲ್ಲಿ 75°. ಮೊತ್ತ 180°. ಮಕ್ಕಳು ಕೋನಮಾಪಕ ಇಟ್ಟು ತಾವೇ ಪರೀಕ್ಷಿಸಿದರು.

ನಂತರ ಷಡ್ಜವನ್ನು ಒಂದೊಂದೇ ಮನೆ ಏರಿಸಿ ನುಡಿಸಿದೆ. ತ್ರಿಭುಜ ತಿರುಗಿತು, ಶ್ರುತಿ ಏರಿತು, ನಾದದ ಸ್ವಭಾವ ಬದಲಾಗಲಿಲ್ಲ. ಉತ್ಸಾಹದಲ್ಲಿ ಕಪ್ಪುಹಲಗೆಯ ಮೇಲೆ ಸಾಮಾನ್ಯೀಕರಣ ಬರೆದೆ: ‘ತ್ರಿಭುಜಗಳು ಸರ್ವಸಮವಾದರೆ ನಾದದ ಸ್ವಭಾವವೂ ಒಂದೇ.’

ತರಗತಿಯಲ್ಲಿ ಎದ್ದ ಪ್ರಶ್ನೆ

ಭಜನೆಗೆ ಹಾರ್ಮೋನಿಯಂ ನುಡಿಸುವ ಒಬ್ಬ ಹುಡುಗಿ ಎದ್ದು ಬಂದು, ಅಂತರ ಗಾಂಧಾರದ ಬದಲು ಅದರ ಹಿಂದಿನ ಮನೆಯಾದ ಸಾಧಾರಣ ಗಾಂಧಾರವನ್ನು ಒತ್ತಿದಳು. ಸ್ಥಾನಗಳು 0, 3, 7. ಕಂಸಗಳು 3, 4, 5. ಕೋನಗಳು ಮತ್ತೆ 45°, 60°, 75°. ಒಂದೇ ವೃತ್ತದಲ್ಲಿ ಬಾಹುಗಳೂ ಅಷ್ಟೇ ಉದ್ದ. ತ್ರಿಭುಜಗಳು ಸರ್ವಸಮ. ನಾದ ಮಾತ್ರ ಬೇರೆ: ಮೊದಲನೆಯದು ಅರಳಿದಂತೆ, ಇದು ಮಂಕಾದಂತೆ.

“ಮಿಸ್, ಅಳತೆ ಎಲ್ಲಾ ಒಂದೇ ಇದೆ. ಕೇಳಕ್ಕೆ ಯಾಕೆ ಬೇರೆ?”

ನನ್ನಲ್ಲಿ ಉತ್ತರ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ವೀಕ್ಷಣಾ ಪುಸ್ತಕ ಹಿಡಿದು ಕೂತಿದ್ದರು. “ನಾಳೆ ನೋಡೋಣ” ಎಂದು ಹಲಗೆಯ ವಾಕ್ಯವನ್ನು ಒರೆಸಿಬಿಟ್ಟೆ. ಪಾಠದ ನಂತರ ಮಾರ್ಗದರ್ಶಕರು ಹೇಳಿದ್ದು ಒಂದೇ ಮಾತು: “ಒರೆಸಿದ್ದನ್ನೇ ನಾಳೆ ಮೊದಲು ಬರೀಮ್ಮ.”

ಎರಡನೇ ದಿನದ ಪಾಠ

ಹಾಗೆಯೇ ಮಾಡಿದೆ. ವಾಕ್ಯ ಬರೆದು, “ಇದು ತಪ್ಪು. ಎಲ್ಲಿ ತಪ್ಪು ಅಂತ ಹುಡುಕೋಣ” ಎಂದೆ. ಪ್ರತಿ ಗುಂಪಿಗೂ ಒಂದು ರಟ್ಟಿನ ವೃತ್ತ ಮತ್ತು ಮೇಜರ್ ತ್ರಿಭುಜದ ಅಳತೆಗೆ ಕತ್ತರಿಸಿದ ರಟ್ಟು ಕೊಟ್ಟೆ. ತ್ರಿಭುಜದ ಒಂದು ಮುಖಕ್ಕೆ ಕೆಂಪು ಬಣ್ಣ ಬಳಿದಿದ್ದೆ. ಅದನ್ನು ತಿರುಗಿಸಿ 0, 3, 7ರ ಮೇಲೆ ಕೂರಿಸಿ ಎಂದೆ. 12 ಸ್ಥಾನಗಳಲ್ಲಿ ಎಲ್ಲಿಗೆ ತಿರುಗಿಸಿದರೂ ಕೂರಲಿಲ್ಲ. ಒಬ್ಬ ಹುಡುಗ ರಟ್ಟನ್ನು ಮಗುಚಿ ಹಾಕಿದ, ಸರಿಯಾಗಿ ಕೂತಿತು. ಕೆಂಪು ಮುಖ ಕೆಳಗೆ ಹೋಗಿತ್ತು.

ಸರ್ವಸಮತೆಯಲ್ಲಿ ಆಕೃತಿಯನ್ನು ತಿರುಗಿಸಲೂ ಮಗುಚಲೂ ಅವಕಾಶವಿದೆ. ನಾದಕ್ಕೆ ಎರಡೂ ಒಂದೇ ಅಲ್ಲ. ತಿರುಗಿಸಿದರೆ ಶ್ರುತಿ ಮಾತ್ರ ಬದಲಾಗುತ್ತದೆ. ಮಗುಚಿದರೆ ಅಂತರಗಳ ಕ್ರಮವೇ ತಿರುವುಮುರುವಾಗುತ್ತದೆ: 4, 3, 5 ಇದ್ದದ್ದು 3, 4, 5.

ಹಾಗಾದರೆ ಕಿವಿಗೆ ಕ್ರಮ ಏಕೆ ಮುಖ್ಯ? ಇದಕ್ಕೆ ಎರಡು ಮೊಳೆಗಳ ನಡುವೆ 60 ಸೆಂ.ಮೀ. ತಂತಿ ಬಿಗಿದು ತಂದಿದ್ದೆ. ಬಿಗಿತ ಒಂದೇ ಇದ್ದರೆ ಕಂಪನಾಂಕ ಉದ್ದಕ್ಕೆ ವಿಲೋಮಾನುಪಾತ. 48 ಸೆಂ.ಮೀ. ಉದ್ದ ಮೀಟಿದರೆ ಅಂತರ ಗಾಂಧಾರ, 50ಕ್ಕೆ ಸಾಧಾರಣ ಗಾಂಧಾರ, 40ಕ್ಕೆ ಪಂಚಮ. ಷಡ್ಜ 240 ಹರ್ಟ್ಸ್ ಎಂದುಕೊಂಡರೆ ಮೇಜರ್ ಗುಚ್ಛ 240, 300, 360, ಅನುಪಾತ 4:5:6. ಮೈನರ್ ಗುಚ್ಛ 240, 288, 360, ಅನುಪಾತ 10:12:15. ಮೊದಲನೆಯದರಲ್ಲಿ 5/4 ಆಮೇಲೆ 6/5, ಎರಡನೆಯದರಲ್ಲಿ 6/5 ಆಮೇಲೆ 5/4. ಗುಣಲಬ್ಧ ಎರಡರಲ್ಲೂ 3/2. ರಟ್ಟನ್ನು ಮಗುಚಿದ್ದು ಇಲ್ಲಿ ಭಿನ್ನರಾಶಿಗಳ ಅದಲುಬದಲಾಗಿ ಕಾಣುತ್ತದೆ.

ನಮ್ಮ ಜಿಲ್ಲೆಯ ತಂಬೂರಿ

ಕರ್ನಾಟಕ ಸಂಗೀತದಲ್ಲಿ ಸ್ವರಗುಚ್ಛ ನುಡಿಸುವ ಪದ್ಧತಿ ಇಲ್ಲ. ಆದರೆ ತಂಬೂರಿ ಇದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಆರ್.ಕೆ. ಶ್ರೀಕಂಠನ್ (1920–2014) ಅವರಂಥ ವಿದ್ವಾಂಸರ ಊರು. ಕಾವೇರಿ ದಡದ ಆ ಊರಲ್ಲಿ ತಂಬೂರಿ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರವೇ ಇದೆ. ತಂಬೂರಿಯ ಮಂದ್ರ ಷಡ್ಜದ ತಂತಿ ತನ್ನ ಮೂಲ ಕಂಪನದ ಜೊತೆಗೆ ಅದರ 2, 3, 4, 5, 6 ಪಟ್ಟು ಕಂಪನಗಳನ್ನೂ ಹೊರಡಿಸುತ್ತದೆ. ಕುದುರೆಯ ಮೇಲಿನ ಜೀವಾಳದ ದಾರ ಇವನ್ನು ಎತ್ತಿ ಕೇಳಿಸುತ್ತದೆ. 4, 5, 6ನೆಯವು ಷಡ್ಜ, ಅಂತರ ಗಾಂಧಾರ, ಪಂಚಮ. ಶ್ರುತಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಸುವುದು ಹೀಗೆ. ಸಾಧಾರಣ ಗಾಂಧಾರ ಈ ಆರರಲ್ಲಿ ಇಲ್ಲ. ಹುಡುಗಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು.

ಎಚ್ಚರಿಕೆ

ವೃತ್ತವನ್ನು 12 ಸಮಭಾಗ ಮಾಡುವುದು ಹಾರ್ಮೋನಿಯಂಗೆ ಹೊಂದುತ್ತದೆ, ತಂತಿಯ ಅನುಪಾತಕ್ಕೆ ಪೂರ್ತಿ ಹೊಂದುವುದಿಲ್ಲ. ಸಮಭಾಗದ ಲೆಕ್ಕದಲ್ಲಿ ಅಂತರ ಗಾಂಧಾರ 300 ಅಲ್ಲ, ಸುಮಾರು 302.4 ಹರ್ಟ್ಸ್. ಇದನ್ನು ಮಕ್ಕಳಿಗೆ ಹೇಳಲೇಬೇಕು.

ಚನ್ನರಾಯಪಟ್ಟಣ ಕಡೆ ಬೋಧನಾಭ್ಯಾಸಕ್ಕೆ ಹೋಗುವ ಗೆಳತಿ ಈ ಪಾಠಯೋಜನೆ ಕೇಳಿದ್ದಾಳೆ. ತಪ್ಪಿದ ವಾಕ್ಯವನ್ನು ತೆಗೆಯದೆ ಹಾಗೆಯೇ ಕೊಟ್ಟಿದ್ದೇನೆ. ಮೊದಲ ದಿನ ಅದನ್ನು ಪ್ರಶ್ನೆಯಾಗಿ ಬರೆದು, ಮೈನರ್ ಗುಚ್ಛವನ್ನು ಮಕ್ಕಳ ಕೈಯಲ್ಲೇ ನುಡಿಸಿದರೆ, ರಟ್ಟನ್ನು ಮಗುಚುವವರೆಗೆ ಅವರೇ ತಲುಪುತ್ತಾರೆ.