ಪರೀಕ್ಷೆಯ ವೇಳಾಪಟ್ಟಿಯೂ ಮನೆಯ ವೇಳೆಯೂ

ಹತ್ತನೆಯ ತರಗತಿಯ ಪರೀಕ್ಷೆಯು ಸಮೀಪಿಸಿತೆಂದರೆ ತಾಯಿತಂದೆಗಳು ನಮ್ಮಲ್ಲಿಗೆ ಬಂದು ಕೇಳುವ ಪ್ರಶ್ನೆಯು ಸಾಮಾನ್ಯವಾಗಿ ಒಂದೇ: "ನಮ್ಮ ಹುಡುಗಿಯು ದಿನಕ್ಕೆ ಎಷ್ಟು ಗಂಟೆ ಓದಬೇಕು?" ಇದಕ್ಕೆ ಉತ್ತರ ಕೊಡುವುದಕ್ಕೆ ಮುಂಚೆ ನಾವು ಮತ್ತೊಂದು ಪ್ರಶ್ನೆಯನ್ನು ಕೇಳುವುದನ್ನು ಕಲಿತಿದ್ದೇವೆ: "ಆಕೆಗೆ ಮನೆಯಲ್ಲಿ ಎಷ್ಟು ಗಂಟೆ ಉಳಿಯುತ್ತದೆ?"

ಇದನ್ನು ಕಲಿತದ್ದು ನಮ್ಮದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನಾವು ಅಂದವಾದ ವೇಳಾಪಟ್ಟಿಯೊಂದನ್ನು ಬರೆದು ತರಗತಿಯ ಎಲ್ಲ ಹುಡುಗಿಯರಿಗೂ ಹಂಚಿದೆವು. ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕುವ ಮನೆಯ ಹುಡುಗಿಯೊಬ್ಬಳು ಮೂರು ವಾರ ಅದನ್ನು ಚಾಚೂ ತಪ್ಪದೆ ನಡೆಯಿಸಿದಳು. ಅಷ್ಟರಲ್ಲಿ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದವು. ಆಮೇಲಿನ ಒಂದು ವಾರದಲ್ಲಿಯೇ ಅವು ತಮ್ಮ ಜೀವಮಾನದ ಸೊಪ್ಪಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ತಿನ್ನುತ್ತವೆಂಬುದು ನಮ್ಮ ಸೀಮೆಯವರಿಗೆ ತಿಳಿದ ಮಾತೇ. ಮನೆಮಂದಿಯೆಲ್ಲರೂ ಹಗಲಿರುಳು ಸೊಪ್ಪು ಹಾಕುತ್ತಿರುವಾಗ ಆಕೆಯೊಬ್ಬಳು ಪುಸ್ತಕ ಹಿಡಿದು ಕೂರುವುದುಂಟೆ? ಪಟ್ಟಿಯು ಮುರಿಯಿತು. ಗೂಡು ಮಾರುಕಟ್ಟೆಗೆ ಹೋದ ಮೇಲೂ ಆಕೆಯು ಅದನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ. "ಇದು ನನ್ನಿಂದಾಗದು" ಎಂದುಬಿಟ್ಟಳು. ಆ ವರ್ಷ ಗಣಿತದಲ್ಲಿ ತೇರ್ಗಡೆ ಹೊಂದಲಿಲ್ಲ. ಕೊರತೆಯಿದ್ದುದು ಆಕೆಯಲ್ಲಲ್ಲ, ನಮ್ಮ ಪಟ್ಟಿಯಲ್ಲಿ ಹುಳುವಿಗೆ ಸ್ಥಳವಿರಲಿಲ್ಲ.

ಒಂದೊಂದು ಮನೆಯೂ ಒಂದೊಂದು ಹೊತ್ತನ್ನು ಬೇಡುತ್ತದೆ. ಚಿಕ್ಕಬಳ್ಳಾಪುರದ ಸುತ್ತ ಹೂವು ಬೆಳೆಯುವವರಿಗೆ ಬಿಡಿಸುವ ಕೆಲಸವು ನಸುಕಿನಲ್ಲಿಯೇ ಬರುತ್ತದೆ. ಚಿಂತಾಮಣಿಯ ಕಡೆ ಟೊಮೇಟೊ ಕುಯ್ಲಾದರೆ ಸಂಜೆಯು ಹಣ್ಣು ಆರಿಸುವುದರಲ್ಲಿ ಕಳೆಯುತ್ತದೆ. ಗೌರಿಬಿದನೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗುವವರ ಮನೆಯಲ್ಲಿ ಬೆಳಗಿನ ಜಾವವೇ ಬುತ್ತಿಯ ಹೊತ್ತು. ಹೀಗಿರುವಲ್ಲಿ ಎಲ್ಲರಿಗೂ ಒಂದೇ ಪಟ್ಟಿಯು ಹೇಗೆ ಸಲ್ಲೀತು?

ಆದುದರಿಂದ ಮೊದಲು ಒಂದು ವಾರ ಏನನ್ನೂ ಬದಲಾಯಿಸದೆ, ಮನೆಯ ಕೆಲಸಕ್ಕೂ ದಾರಿಗೂ ನಿದ್ರೆಗೂ ಹೋಗುವ ಹೊತ್ತನ್ನು ಹುಡುಗಿಯು ಬರೆದಿಡಲಿ. ಉಳಿದುದೇ ಆಕೆಯ ಬಂಡವಾಳ. ಬೆಳಗ್ಗೆ 5ರಿಂದ 6½, ರಾತ್ರಿ 8ರಿಂದ 9½ ಉಳಿಯಿತೆಂದು ಭಾವಿಸೋಣ. ದಿನಕ್ಕೆ 3 ಗಂಟೆ. ವಾರದಲ್ಲಿ ಒಂದು ದಿನ ಬಿಡುವು ಬಿಟ್ಟರೆ 18 ಗಂಟೆ. ಇದರಲ್ಲಿ ಗಣಿತಕ್ಕೆ 5, ವಿಜ್ಞಾನಕ್ಕೆ 4, ಸಮಾಜ ವಿಜ್ಞಾನಕ್ಕೆ 3, ಮೂರು ಭಾಷೆಗಳಿಗೆ ತಲಾ 2 ಎಂದು ಹಂಚಬಹುದು. ಯಾವ ವಿಷಯವು ಕಠಿಣವೋ ಅದಕ್ಕೆ ಸುಲಭವಾದುದರಿಂದ ಒಂದು ಗಂಟೆಯನ್ನು ಸಾಲ ತರಬಹುದು. ಆದರೆ ಭಾಷೆಯನ್ನು ಪೂರ್ತಿಯಾಗಿ ಬಿಡಲಾಗದು. 2025ರ ಪರೀಕ್ಷೆಯಲ್ಲಿ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಯೊಂದಕ್ಕೇ 125 ಇದ್ದವೆಂಬುದನ್ನು ನೆನಪಿಡತಕ್ಕದ್ದು.

ನವೆಂಬರ್ ಮೊದಲಿನಿಂದ ಮಾರ್ಚ್ ನಡುವಿನವರೆಗೆ ಸುಮಾರು 20 ವಾರ. ಎಂದರೆ 360 ಗಂಟೆ. ಈ ಅವಧಿಯಲ್ಲಿ ಎರಡು ಸಲ ಹುಳು ಜ್ವರದಿಂದೇಳುವ ವಾರವು ಬಂದರೆ, ಆ ವಾರಗಳಲ್ಲಿ 18ಕ್ಕೆ ಬದಲಾಗಿ 6 ಗಂಟೆ ಮಾತ್ರವೆಂದು ಮೊದಲೇ ಬರೆದಿಡಿ. ನಷ್ಟವೆಷ್ಟು? ಕೇವಲ 24 ಗಂಟೆ, ಹದಿನೈದರಲ್ಲಿ ಒಂದು ಪಾಲು. ಮುಂಗಂಡ ನಷ್ಟವು ಇಷ್ಟು ಸಣ್ಣದು. ಮುಂಗಾಣದ ನಷ್ಟವಾದರೋ ಧೈರ್ಯವನ್ನೇ ಕೊಂಡೊಯ್ಯುತ್ತದೆ. ನಮ್ಮ ಆ ಹುಡುಗಿಯು ಕಳೆದುಕೊಂಡದ್ದು ಒಂದು ವಾರವನ್ನಲ್ಲ, ಉಳಿದ ಎಲ್ಲ ವಾರಗಳನ್ನು.

ಇನ್ನು, ದೊರೆತ ಗಂಟೆಯನ್ನು ಬಳಸುವ ರೀತಿ. ಒಂದೇ ಪಾಠವನ್ನು ಮತ್ತೆ ಮತ್ತೆ ಓದುವುದರಿಂದ ಕಲಿತೆವೆಂಬ ಭ್ರಮೆಯು ಹುಟ್ಟುತ್ತದೆ. ಅಮೆರಿಕೆಯ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಪುನಃ ಓದಿದವರು ಐದು ನಿಮಿಷಗಳ ಅನಂತರ ಮುಂದಿದ್ದರು. ಆದರೆ ಒಂದು ವಾರವಾದ ಮೇಲೆ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರೇ ಹೆಚ್ಚಾಗಿ ಉಳಿಸಿಕೊಂಡಿದ್ದರು. ಆದಕಾರಣ ಅರ್ಧ ಗಂಟೆ ಓದಿದರೆ, ಕಾಲು ಗಂಟೆ ಪುಸ್ತಕ ಮುಚ್ಚಿ ಬರೆಯಲಿ. ಅದನ್ನೇ ಮಾರನೆಯ ದಿನ, ಬಳಿಕ ಒಂದು ವಾರ ಬಿಟ್ಟು, ಮತ್ತೊಮ್ಮೆ ನೆನೆದು ಬರೆಯಲಿ. ನಮ್ಮ ಸೀಮೆಯಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ರಾತ್ರಿ ಅಡಿಗೆಯ ಮನೆಯಲ್ಲಿ ಪಾಠವನ್ನು ತಾಯಿಗೆ ತೆಲುಗಿನಲ್ಲಿಯೇ ಹೇಳಿ, ಅನಂತರ ಕನ್ನಡದಲ್ಲಿ ಬರೆದರೆ ಅದು ಇಮ್ಮಡಿ ಅಭ್ಯಾಸವಾಗುವುದು. ತಾಯಿಯು ಅಕ್ಷರ ಕಲಿತವಳಲ್ಲದಿದ್ದರೂ ಚಿಂತೆಯಿಲ್ಲ. "ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳು" ಎಂದರೆ ಸಾಕು. ಅದಕ್ಕಿಂತ ಒಳ್ಳೆಯ ಪರೀಕ್ಷಕಿಯಿಲ್ಲ. ನಿದ್ರೆಯನ್ನು ಮಾತ್ರ ಕದಿಯಬಾರದು.

ಮೊದಲು ಲೆಕ್ಕ, ಅನಂತರ ಕಾರ್ಯ ಎಂಬುದಕ್ಕೆ ನಿದರ್ಶನವನ್ನು ನಾವು ದೂರ ಹುಡುಕಬೇಕಾಗಿಲ್ಲ. ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಓದಿದ ಸರ್ ಎಂ. ವಿಶ್ವೇಶ್ವರಯ್ಯನವರು 1934ರಲ್ಲಿ ಭಾರತದ ಆರ್ಥಿಕ ಜೀವನಕ್ಕೆ ಹತ್ತು ವರ್ಷಗಳ ಯೋಜನೆಯನ್ನು ಗ್ರಂಥವಾಗಿ ಪ್ರಕಟಿಸಿದರು. ಒಂದು ಮನೆಗೆ ಇಪ್ಪತ್ತು ವಾರಗಳ ಯೋಜನೆಯನ್ನು ಬರೆಯುವುದು ನಮ್ಮಿಂದಾಗದೆ?

ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ. ಪಟ್ಟಿಯು ಸಿದ್ಧವಾದಾಗ ಅದರ ಕೆಳಗೆ ಮಗಳ ರುಜುವಿನೊಂದಿಗೆ ನಿಮ್ಮ ರುಜುವೂ ಇರಲಿ, ಹೆಬ್ಬೆಟ್ಟಾದರೂ ಆದೀತು. ಆ ಮೂರು ಗಂಟೆಗಳಲ್ಲಿ ಆಕೆಯನ್ನು ನೀರಿಗೂ ಕರೆಯೆವೆಂಬುದು ನಿಮ್ಮ ವಾಗ್ದಾನ. ತಮ್ಮನಿಗೂ ಒಂದು ಕೆಲಸವನ್ನು ಹಂಚಿಕೊಡಿ. ಕಸಬರಿಕೆಯು ಗಂಡುಹುಡುಗನ ಕೈಯಲ್ಲಿಯೂ ಗುಡಿಸುತ್ತದೆ.

ಹಳೆಯ ವಿದ್ಯಾರ್ಥಿನಿಯರಾದ ನಿಮಗೂ ಒಂದು ಮಾತು. ಈ ನಾಲ್ಕು ತಾಲ್ಲೂಕುಗಳಲ್ಲಿ ನೀವು ಎಲ್ಲಿಯೇ ಸಂಸಾರ ಹೂಡಿರಲಿ, ನಿಮ್ಮ ಬೀದಿಯಲ್ಲಿ ಪರೀಕ್ಷೆಗೆ ಕೂರುವ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ. ನಿಮ್ಮ ಮನೆಯ ಒಂದು ಮೂಲೆಯನ್ನೂ ಒಂದು ದೀಪವನ್ನೂ ಸಂಜೆ ಒಂದು ಗಂಟೆ ಆಕೆಗೆ ಬಿಟ್ಟುಕೊಡಿರಿ.

ಆ ರೇಷ್ಮೆಯ ಮನೆಯ ಹುಡುಗಿಯು ಮರಳಿ ಬಂದಾಗ ನಾವಿಬ್ಬರೂ ಕೂಡಿ ಹೊಸ ಪಟ್ಟಿಯನ್ನು ಬರೆದೆವು. ಅದರಲ್ಲಿ ಮೊದಲು ಗುರುತಿಸಿದ್ದು ಹುಳುವಿನ ವಾರವನ್ನೇ. ಈ ಸಲ ಆಕೆಯು ಗಣಿತದಲ್ಲಿ ತೇರ್ಗಡೆ ಹೊಂದಿದಳು.