ಅಜ್ಜಿಯ ಜೊತೆ ಆಸ್ಪತ್ರೆಗೆ

ನಾಳೆ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಿದೆಯೇ? ಹಾಗಾದರೆ ಸೇವೆ ಇಂದು ರಾತ್ರಿಯೇ ಆರಂಭವಾಗಲಿ. ಜಪಸರ ಮುಗಿದ ಮೇಲೆ ಪಕ್ಕದಲ್ಲಿ ಕುಳಿತು, "ಅಜ್ಜಿ, ಎಲ್ಲಿ ನೋಯುತ್ತಿದೆ?" ಎಂದು ಕೇಳಿ. ಮನೆಯವರಿಗೆ ಖರ್ಚಾದೀತೆಂದು ಎಷ್ಟೋ ಹಿರಿಯರು ನೋವನ್ನು ನುಂಗಿಕೊಳ್ಳುತ್ತಾರೆ. ವೈದ್ಯರ ಮುಂದೆಯೂ "ಏನೂ ಇಲ್ಲ" ಎಂದುಬಿಡುತ್ತಾರೆ.

ಹಳೆಯ ಚೀಟಿಗಳು, ವರದಿಗಳು, ಈಗ ಸೇವಿಸುತ್ತಿರುವ ಎಲ್ಲ ಮಾತ್ರೆಗಳು ಒಂದೇ ಚೀಲದಲ್ಲಿರಲಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಿದ್ದರೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಮೊದಲೇ ವಿಚಾರಿಸಿ. ಆಮೇಲೆ ತಿನ್ನಲು ತಿಂಡಿ ಕಟ್ಟಿಕೊಳ್ಳಿ. ವೈದ್ಯರ ಪ್ರಶ್ನೆಗಳಿಗೆ ಅಜ್ಜಿಯೇ ಉತ್ತರಿಸಲಿ. ಅವರು ಮರೆತದ್ದನ್ನಷ್ಟೇ ನೀವು ನೆನಪಿಸಿ.

ಎಮ್ಮಾವು ಊರಿನ ದಾರಿಯಲ್ಲಿ ಯೇಸುಸ್ವಾಮಿ ದುಃಖಿತರಾಗಿದ್ದ ಇಬ್ಬರು ಶಿಷ್ಯರ ಜೊತೆಗೂಡಿ ನಡೆದರು. ಬೋಧಿಸುವ ಮೊದಲು ಅವರ ಮಾತನ್ನು ಕೇಳಿದರು (ಲೂಕ 24:13-35). ಆಸ್ಪತ್ರೆಯ ಸಾಲಿನಲ್ಲಿ ಗಡಿಯಾರ ನೋಡುತ್ತಾ ಸಿಡುಕುವ ನಾವು ಇದನ್ನು ನೆನೆಯೋಣ. ಒಂದು ಕಾಲದಲ್ಲಿ ನಮ್ಮ ಪುಟ್ಟ ಹೆಜ್ಜೆಗಳಿಗಾಗಿ ನಿಧಾನವಾಗಿ ನಡೆದವರು ಅವರೇ ಅಲ್ಲವೇ?

ಪೋಪ್ ಫ್ರಾನ್ಸಿಸರು 2021ರಲ್ಲಿ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಮತ್ತು ವೃದ್ಧರ ವಿಶ್ವದಿನವೆಂದು ಘೋಷಿಸಿದರು. ಆ ಒಂದು ದಿನ ಗೌರವಿಸಿ ಮರೆಯುವುದು ಸಾಲದು.

ಈ ವಾರದ ನಿರ್ಧಾರ: ಮನೆಯ ಹಿರಿಯರು ಹೇಳದೆ ಉಳಿಸಿಕೊಂಡಿರುವ ಒಂದು ನೋವನ್ನು ಕೇಳಿ ತಿಳಿಯುತ್ತೇನೆ.